ಮೂತ್ರದಲ್ಲಿ ಪ್ರೋಟೀನ್ ಸೋರಿದರೆ ಹೃದಯಕ್ಕೇನು?

ಮಧುಮೇಹ ಇರುವವರ ಮೂತ್ರದ ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಪರೀಕ್ಷೆ, ಅದರ ರಿಪೋರ್ಟು ಮತ್ತು ರಿಪೋರ್ಟಿನ ಬೆನ್ನಿಗೇ ಶುರುವಾಗುವ ಮಾತ್ರೆಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ ಟೈಪ್ 2 ಮಧುಮೇಹ ಬಂದು ಆರು ವರ್ಷ. ವರ್ಷಕ್ಕೊಮ್ಮೆ ತಪ್ಪದೆ ಮೂತ್ರ ಪರೀಕ್ಷೆ ಮಾಡಿಸುತ್ತೇನೆ. ಪ್ರತಿ ಸಲವೂ ‘ಪ್ರೋಟೀನ್: ನಿಲ್’ ಎಂದೇ ಬರುತ್ತದೆ. ಈಗ ಹೊಸ ವೈದ್ಯರು ‘ಎಸಿಆರ್’ ಎಂಬ ಇನ್ನೊಂದು ಮೂತ್ರ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಪ್ರೋಟೀನ್ ಇಲ್ಲವೆಂದು ಗೊತ್ತಿದ್ದ ಮೇಲೂ ಇದೇಕೆ?

ಉತ್ತರ: ನೀವು ಇಷ್ಟು ವರ್ಷ ಮಾಡಿಸಿದ್ದು ಸ್ಟ್ರಿಪ್ ಪರೀಕ್ಷೆ. ಬಣ್ಣದ ಚೌಕಗಳಿರುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಬಣ್ಣ ಎಷ್ಟು ಬದಲಾಯಿತೆಂದು ನೋಡುವ ವಿಧಾನ. ಲೀಟರಿಗೆ ಸುಮಾರು 150ರಿಂದ 300 ಮಿ.ಗ್ರಾಂ ಪ್ರೋಟೀನ್ ಇದ್ದರೆ ಮಾತ್ರ ಆ ಚೌಕ ಹಸಿರಿನತ್ತ ತಿರುಗುತ್ತದೆ. ಮಧುಮೇಹದಿಂದ ಕಿಡ್ನಿಗೆ ಆಗುವ ಮೊದಲ ಹಾನಿಯಲ್ಲಿ ಸೋರುವ ಅಲ್ಬುಮಿನ್ ಇದಕ್ಕಿಂತ ಎಷ್ಟೋ ಕಡಿಮೆ. ಹೀಗಾಗಿ ‘ನಿಲ್’ ಎಂದರೆ ದೊಡ್ಡ ಸೋರಿಕೆ ಇಲ್ಲ ಎಂದಷ್ಟೇ ಅರ್ಥ, ಸಣ್ಣ ಸೋರಿಕೆ ಶುರುವಾಗಿದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಅದೂ ಅಲ್ಲದೆ, ಪರೀಕ್ಷೆಗೆ ಮುಂಚೆ ಎರಡು ಲೋಟ ನೀರು ಹೆಚ್ಚು ಕುಡಿದಿದ್ದರೆ ಮೂತ್ರ ತೆಳುವಾಗಿ, ಇದ್ದ ಸುಳಿವೂ ಮರೆಯಾಗುತ್ತದೆ.

ಎಸಿಆರ್ ಎಂದರೆ ಮೂತ್ರದ ಅಲ್ಬುಮಿನ್ ಮತ್ತು ಕ್ರಿಯೇಟಿನೈನ್ ಅನುಪಾತ. ಒಂದು ಗ್ರಾಂ ಕ್ರಿಯೇಟಿನೈನ್‌ಗೆ ಎಷ್ಟು ಮಿ.ಗ್ರಾಂ ಅಲ್ಬುಮಿನ್ ಎಂಬ ಲೆಕ್ಕ ಅದು. 30ಕ್ಕಿಂತ ಕಡಿಮೆ ಇದ್ದರೆ ಸಹಜ. 30ರಿಂದ 300ರವರೆಗೆ ಮಧ್ಯಮ ಏರಿಕೆ. ‘ಮೈಕ್ರೋಅಲ್ಬುಮಿನೂರಿಯಾ’ ಎಂದು ಹಳೆಯ ರಿಪೋರ್ಟುಗಳಲ್ಲಿ ಇರುತ್ತಿದ್ದುದು ಇದೇ. 300 ದಾಟಿದರೆ ತೀವ್ರ ಏರಿಕೆ. ಸ್ಟ್ರಿಪ್ ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಈ ಮೂರನೆಯ ಹಂತ ಹತ್ತಿರವಾದಾಗ. ಚಿಕಿತ್ಸೆ ಹೆಚ್ಚು ಫಲ ಕೊಡುವುದು ಎರಡನೆಯ ಹಂತದಲ್ಲಿ.

ಟೈಪ್ 2 ಇರುವವರು ಕಾಯಿಲೆ ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು. ಈ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಸದ್ದಿಲ್ಲದೆ ಕೆಲವು ವರ್ಷ ಕಳೆದಿರುವುದೇ ಹೆಚ್ಚು. ನಿಮ್ಮ ಹೊಸ ವೈದ್ಯರು ಹೊಸದೇನನ್ನೂ ಕೇಳುತ್ತಿಲ್ಲ, ಬಾಕಿ ಉಳಿದದ್ದನ್ನು ತೀರಿಸುತ್ತಿದ್ದಾರೆ.

ಪ್ರಶ್ನೆ: ಕಳೆದ ವರ್ಷದ ರಿಪೋರ್ಟಿನಲ್ಲಿ ಮೂತ್ರದ ಅಲ್ಬುಮಿನ್ ಲೀಟರಿಗೆ 50 ಮಿ.ಗ್ರಾಂ ಇತ್ತು, ‘ನಾರ್ಮಲ್’ ಎಂದರು. ಈ ವರ್ಷ ಅದು 20ಕ್ಕೆ ಇಳಿದಿದೆ, ಆದರೆ ಎಸಿಆರ್ ಹೆಚ್ಚಾಗಿದೆ ಎನ್ನುತ್ತಿದ್ದಾರೆ. ಲ್ಯಾಬಿನವರು ಎಡವಿದ್ದಾರೆಯೇ?

ಉತ್ತರ: ಎಡವಿಲ್ಲ. ಎರಡೂ ರಿಪೋರ್ಟುಗಳ ಕ್ರಿಯೇಟಿನೈನ್ ಸಾಲನ್ನು ನೋಡಿ. ಕಳೆದ ವರ್ಷ ಅದು ಡೆಸಿಲೀಟರಿಗೆ 200 ಮಿ.ಗ್ರಾಂ, ಅಂದರೆ ಲೀಟರಿಗೆ 2 ಗ್ರಾಂ ಇತ್ತು ಎಂದುಕೊಳ್ಳಿ. 50ನ್ನು 2ರಿಂದ ಭಾಗಿಸಿದರೆ 25, ಸಹಜ. ಈ ವರ್ಷ ಅದೇ ಸಾಲಿನಲ್ಲಿ 40 ಇದ್ದರೆ ಲೀಟರಿಗೆ 0.4 ಗ್ರಾಂ ಆಯಿತು. 20ನ್ನು 0.4ರಿಂದ ಭಾಗಿಸಿ, 50 ಬರುತ್ತದೆ. ಮೊದಲನೆಯದು ಗಟ್ಟಿ ಮೂತ್ರ, ಎರಡನೆಯದು ನೀರು ಹೆಚ್ಚು ಕುಡಿದ ತೆಳು ಮೂತ್ರ. ಕ್ರಿಯೇಟಿನೈನ್ ಸ್ನಾಯುಗಳಿಂದ ದಿನವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹೊರಬೀಳುವ ವಸ್ತು. ಮೂತ್ರ ಎಷ್ಟು ತೆಳುವಾಗಿದೆ ಎಂಬುದನ್ನು ಅದೇ ಸರಿದೂಗಿಸುತ್ತದೆ. ಅಲ್ಬುಮಿನ್ ಸಂಖ್ಯೆಯೊಂದನ್ನೇ ಹಿಡಿದು ವರ್ಷದಿಂದ ವರ್ಷಕ್ಕೆ ಹೋಲಿಸಬೇಡಿ.

ಈ ಲೆಕ್ಕಕ್ಕೂ ಒಂದು ಕೊರತೆಯಿದೆ. ಸ್ನಾಯು ಬಹಳ ಕರಗಿರುವ ವೃದ್ಧರಲ್ಲಿ ಕ್ರಿಯೇಟಿನೈನ್ ಕಡಿಮೆ ಬರುವುದರಿಂದ ಅನುಪಾತ ಇರಬೇಕಾದ್ದಕ್ಕಿಂತ ಹೆಚ್ಚು ಕಾಣುತ್ತದೆ. ಭಾರ ಎತ್ತಿ ಮೈ ಬೆಳೆಸಿದವರಲ್ಲಿ ಕಡಿಮೆ ಕಾಣುತ್ತದೆ. ಗಡಿಯಲ್ಲಿರುವ ಸಂಖ್ಯೆಯನ್ನು ಓದುವಾಗ ವೈದ್ಯರು ರೋಗಿಯ ಮೈಕಟ್ಟನ್ನೂ ಗಮನಿಸಬೇಕಾಗುತ್ತದೆ.

ಪ್ರಶ್ನೆ: ಎಸಿಆರ್ ಒಂದು ಲ್ಯಾಬಿನಲ್ಲಿ 4.2 ಇತ್ತು. ಮೂರು ತಿಂಗಳಾದ ಮೇಲೆ ಇನ್ನೊಂದರಲ್ಲಿ 38. ಒಂಬತ್ತು ಪಟ್ಟು ಏರಿತೇ?

ಉತ್ತರ: ಸಂಖ್ಯೆಯ ಮುಂದಿರುವ ಮಾನವನ್ನು ಓದಿ. ಮೊದಲನೆಯದು ಒಂದು ಮಿಲಿಮೋಲ್ ಕ್ರಿಯೇಟಿನೈನ್‌ಗೆ ಲೆಕ್ಕ ಹಾಕಿದ್ದಿರಬೇಕು, ಎರಡನೆಯದು ಒಂದು ಗ್ರಾಂಗೆ. ಮಿಲಿಮೋಲ್ ಲೆಕ್ಕವನ್ನು 8.84ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ. 4.2 ಎಂದರೆ 37. ಏನೂ ಏರಿಲ್ಲ. ಆ ಮಾನದಲ್ಲಿ ಗಡಿಗಳು 3 ಮತ್ತು 30. ಅಂದಹಾಗೆ, ಮೊದಲ ರಿಪೋರ್ಟೂ ಸಹಜ ಮಿತಿಯನ್ನು ದಾಟಿತ್ತು. ಸಂಖ್ಯೆ ಚಿಕ್ಕದಿದೆ ಎಂಬ ಕಾರಣಕ್ಕೆ ಅದನ್ನು ಮಡಚಿಡಬಾರದಿತ್ತು.

ಪ್ರಶ್ನೆ: ನನ್ನ ಎಸಿಆರ್ 85. ಕಿಡ್ನಿಗೆ ಚಿಕಿತ್ಸೆ ಕೊಡುತ್ತಾರೆಂದುಕೊಂಡರೆ ವೈದ್ಯರು ಕೊಲೆಸ್ಟರಾಲ್ ಮಾತ್ರೆ ಶುರು ಮಾಡಿದರು, ಬಿಪಿ ಇನ್ನೂ ಇಳಿಯಬೇಕೆಂದರು, ಎದೆನೋವು, ಉಬ್ಬಸ ಏನಾದರೂ ಇದೆಯೇ ಎಂದು ವಿಚಾರಿಸಿದರು. ಇಸಿಜಿ ಸರಿಯಾಗಿದೆ. ಮೂತ್ರಕ್ಕೂ ಹೃದಯಕ್ಕೂ ಎತ್ತಣ ಸಂಬಂಧ?

ಉತ್ತರ: ಅತಿ ಹೆಚ್ಚು ಜನ ಕೇಳಿರುವ ಪ್ರಶ್ನೆ ಇದು. ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುಕಗಳಿವೆ. ಎರಡೂ ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಸೋಸುಕದ ಗೋಡೆಗೆ ಮೂರು ಪದರ. ರಕ್ತದ ಕಡೆಗೆ ಎಂಡೋಥೀಲಿಯಂ ಎಂಬ ಒಳಪೊರೆ, ಅದರ ಮೇಲೆ ಸಕ್ಕರೆ ಸರಪಳಿಗಳಿಂದಾದ ನವುರಾದ ಲೇಪ. ನಡುವೆ ಒಂದು ತಳಪೊರೆ. ಮೂತ್ರದ ಕಡೆಗೆ ಬೆರಳು ಹೆಣೆದಂತೆ ಕೂತಿರುವ ಪೋಡೋಸೈಟ್ ಎಂಬ ಕೋಶಗಳು. ಈ ಮೂರೂ ಗಟ್ಟಿಯಾಗಿದ್ದರೆ ಅಲ್ಬುಮಿನ್‌ನಂಥ ದೊಡ್ಡ ಅಣು ಹೊರಗೆ ಹೋಗುವುದು ತೀರಾ ಅಲ್ಪ, ದಿನಕ್ಕೆ 30 ಮಿ.ಗ್ರಾಂಗಿಂತ ಕಡಿಮೆ.

ಹೆಚ್ಚಿದ ಸಕ್ಕರೆ ಮತ್ತು ಬಿಪಿ ಆ ಒಳಪೊರೆಯ ಲೇಪವನ್ನು ಸವೆಸುತ್ತವೆ. ಅದೇ ಒಳಪೊರೆ ಹೃದಯದ ರಕ್ತನಾಳಗಳಲ್ಲಿದೆ, ಮಿದುಳಿನಲ್ಲಿದೆ, ಕಣ್ಣಿನಲ್ಲಿದೆ. ಅಲ್ಲಿ ಪೊರೆ ಸವೆದರೆ ಹೊರಗೆ ಕಾಣುವ ಗುರುತಿಲ್ಲ. ಕೊಲೆಸ್ಟರಾಲ್ ಕಣಗಳು ಗೋಡೆಯೊಳಗೆ ಇಳಿಯುತ್ತವೆ, ಉರಿಯೂತ ಶುರುವಾಗುತ್ತದೆ, ನಾಳ ಹಿಗ್ಗುವ ಗುಣ ಕುಗ್ಗುತ್ತದೆ. ರಕ್ತನಾಳದಿಂದ ಸೋರಿದ್ದನ್ನು ಒಂದು ಬಾಟಲಿಯಲ್ಲಿ ಹಿಡಿದು ಅಳೆಯಲು ಸಾಧ್ಯವಿರುವ ಅಂಗ ಕಿಡ್ನಿಯೊಂದೇ. ಮೂತ್ರದಲ್ಲಿ ಅಲ್ಬುಮಿನ್ ಬರುವುದು ಮೈಯ ಎಲ್ಲ ರಕ್ತನಾಳಗಳ ಹಾನಿಯ ಪ್ರತಿಬಿಂಬ ಎಂಬ ವಾದವನ್ನು ಡೆನ್ಮಾರ್ಕಿನ ಸ್ಟೆನೋ ಕೇಂದ್ರದ ಸಂಶೋಧಕರು 1989ರಲ್ಲಿ ಮುಂದಿಟ್ಟರು. ಅದಕ್ಕೂ ಮೊದಲು, 1984ರಲ್ಲಿ, ಡೆನ್ಮಾರ್ಕಿನವರೇ ಆದ ಮೊಗೆನ್‌ಸನ್ ಅವರು ಅಲ್ಪ ಪ್ರಮಾಣದ ಅಲ್ಬುಮಿನ್ ಇರುವ ಮಧುಮೇಹಿಗಳಲ್ಲಿ ಬೇಗ ಸಾವು ಬರುವ ಸಾಧ್ಯತೆ ಹೆಚ್ಚೆಂದು ತೋರಿಸಿದ್ದರು.

2001ರಲ್ಲಿ ಪ್ರಕಟವಾದ ‘ಹೋಪ್’ ಅಧ್ಯಯನದ ವಿಶ್ಲೇಷಣೆ ಈ ಮಾತಿಗೆ ಸಂಖ್ಯೆ ಕೊಟ್ಟಿತು. ಮೈಕ್ರೋಅಲ್ಬುಮಿನೂರಿಯಾ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಕಾರಣದ ಸಾವಿನ ಅಪಾಯ ಇಲ್ಲದವರಿಗಿಂತ 1.83 ಪಟ್ಟು. ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವ ಅಪಾಯ 3.23 ಪಟ್ಟು. ಈ ಎರಡನೆಯ ಸಂಖ್ಯೆಯತ್ತ ಗಮನ ಹರಿದದ್ದು ಕಡಿಮೆ. ಎಸಿಆರ್ ಹೆಚ್ಚಿದ್ದವರು ಎದೆನೋವಿಗೆ ಮಾತ್ರ ಕಾದು ಕೂರುತ್ತಾರೆ. ಮೆಟ್ಟಿಲು ಹತ್ತುವಾಗ ಹೊಸದಾಗಿ ಬರುವ ಉಬ್ಬಸ, ಸಂಜೆ ಪಾದದ ಊತ, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಇವನ್ನೂ ಹೇಳಿಕೊಳ್ಳಬೇಕು. ನಿಮ್ಮ ವೈದ್ಯರು ಉಬ್ಬಸದ ಬಗ್ಗೆ ವಿಚಾರಿಸಿದ್ದು ಇದಕ್ಕೇ.

ಅದೇ ವಿಶ್ಲೇಷಣೆಯಲ್ಲಿ ಕಂಡ ಇನ್ನೊಂದು ಸಂಗತಿ: ಅಪಾಯ 30ರ ಗಡಿಯಲ್ಲಿ ಥಟ್ಟನೆ ಹುಟ್ಟುವುದಿಲ್ಲ. ಸಹಜವೆನ್ನುವ ಮಿತಿಯೊಳಗೂ ಸಂಖ್ಯೆ ಏರಿದಂತೆ ಅಪಾಯ ಮೆಲ್ಲಗೆ ಏರುತ್ತದೆ. 28 ಬಂದವರು ಸಂಭ್ರಮಿಸುವುದೂ 31 ಬಂದವರು ಕಂಗಾಲಾಗುವುದೂ ಎರಡೂ ಅತಿ.

ಇಸಿಜಿ ಸರಿಯಾಗಿದೆ ಎಂಬುದು ಈ ಹೊತ್ತಿನ ವಿದ್ಯುತ್ ಚಟುವಟಿಕೆಯ ಸುದ್ದಿ. ನಾಳದ ಗೋಡೆಯಲ್ಲಿ ಏನು ನಡೆದಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ನಿಮ್ಮ ವೈದ್ಯರು ಶುರು ಮಾಡಿದ್ದು ಸರಿಯಾದ ದಾರಿ. ಸ್ಟೆನೋ ಕೇಂದ್ರದ ‘ಸ್ಟೆನೋ-2’ ಪ್ರಯೋಗದಲ್ಲಿ ಟೈಪ್ 2 ಮಧುಮೇಹ ಮತ್ತು ಮೈಕ್ರೋಅಲ್ಬುಮಿನೂರಿಯಾ ಎರಡೂ ಇದ್ದ 160 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಆಸ್ಪಿರಿನ್, ಊಟ, ವ್ಯಾಯಾಮ, ಧೂಮಪಾನ ಬಿಡಿಸುವುದು ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿದರು. ಸುಮಾರು ಎಂಟು ವರ್ಷದ ಕೊನೆಗೆ, 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎರಡನೆಯ ಗುಂಪಿನ ಹೃದಯ-ರಕ್ತನಾಳದ ಅಪಾಯ ಅರ್ಧಕ್ಕೆ ಇಳಿದಿತ್ತು. 21 ವರ್ಷಗಳ ಲೆಕ್ಕ 2016ರಲ್ಲಿ ಬಂತು: ಆ ಗುಂಪಿನವರ ಮಧ್ಯಾಂಕ ಆಯುಷ್ಯ 7.9 ವರ್ಷ ಹೆಚ್ಚು. ಸಕ್ಕರೆಯೊಂದನ್ನೇ ಹಿಡಿದು ಕೂತಿದ್ದರೆ ಇಷ್ಟು ಸಿಗುತ್ತಿರಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. (ಆಸ್ಪಿರಿನ್ ವಿಷಯದಲ್ಲಿ ಮಾತ್ರ ಇಂದಿನ ಪದ್ಧತಿ ಬೇರೆ. ಹೃದಯಾಘಾತವೋ ಪಾರ್ಶ್ವವಾಯುವೋ ಈಗಾಗಲೇ ಆಗಿದ್ದವರನ್ನು ಬಿಟ್ಟರೆ, ರಕ್ತಸ್ರಾವದ ಅಪಾಯ ತೂಗಿ ನೋಡದೆ ಕೊಡುವುದಿಲ್ಲ. ನೀವಾಗಿ ಶುರು ಮಾಡಬೇಡಿ.)

ಪ್ರಶ್ನೆ: ಮಾದರಿ ಕೊಡುವುದು ಹೇಗೆ? ಮೊದಲ ಸಲ 64, ಎರಡು ತಿಂಗಳಾದ ಮೇಲೆ 22 ಬಂದಿದೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಿ, ಆದರೆ ತೀರ್ಮಾನಕ್ಕೆ ಮೂರನೆಯದನ್ನು ಕಾಯಿರಿ. ಅಲ್ಬುಮಿನ್ ದಿನದಿಂದ ದಿನಕ್ಕೆ ಬಹಳ ಏರಿಳಿಯುವ ವಸ್ತು. ಮೂರರಿಂದ ಆರು ತಿಂಗಳೊಳಗೆ ಕೊಟ್ಟ ಮೂರು ಮಾದರಿಗಳಲ್ಲಿ ಎರಡಾದರೂ 30 ದಾಟಿದ್ದರೆ ಮಾತ್ರ ಸೋರಿಕೆ ಇದೆಯೆಂದು ಲೆಕ್ಕ.

ಬೆಳಿಗ್ಗೆ ಎದ್ದೊಡನೆ ಬರುವ ಮೊದಲ ಮೂತ್ರ ಒಳ್ಳೆಯದು. ರಾತ್ರಿಯಿಡೀ ಮಲಗಿದ್ದಾಗ ಸೇರಿದ ಮೂತ್ರದಲ್ಲಿ ಓಡಾಟ, ನಿಲುವು, ನೀರು ಇವುಗಳ ಪ್ರಭಾವ ಕಡಿಮೆ. ಶುರುವಿನ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನದನ್ನು ಲ್ಯಾಬು ಕೊಟ್ಟ ಸ್ವಚ್ಛ ಡಬ್ಬಿಯಲ್ಲಿ ಹಿಡಿಯಿರಿ. ಔಷಧಿ ಬಾಟಲಿ ತೊಳೆದು ತರುವುದು ಬೇಡ. ಉಪವಾಸ ಬೇಕಿಲ್ಲ. ಅದೇ ದಿನ ಲ್ಯಾಬಿಗೆ ತಲುಪಿಸಿ. ತಡವಾಗುವುದಾದರೆ ಫ್ರಿಜ್‌ನ ಕೆಳಗಿನ ಭಾಗದಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿ ಕರಗಿದ ಮೂತ್ರದಲ್ಲಿ ಅಲ್ಬುಮಿನ್ ಕಡಿಮೆ ತೋರಬಹುದು. ಬೆಳಗಿನ ಮೂತ್ರ ಆಗದಿದ್ದರೆ ದಿನದ ಯಾವ ಹೊತ್ತಿನದಾದರೂ ನಡೆಯುತ್ತದೆ. ಅದು ಹೆಚ್ಚು ಬಂದರೆ ಬೆಳಗಿನದನ್ನು ಕೊಟ್ಟು ಖಾತರಿ ಮಾಡಿಕೊಳ್ಳಬೇಕು, ಅಷ್ಟೇ.

ಹಿಂದಿನ 24 ಗಂಟೆಗಳಲ್ಲಿ ಜೋರು ವ್ಯಾಯಾಮ ಮಾಡಿದ್ದರೆ, ಜ್ವರವಿದ್ದರೆ, ಮೂತ್ರದ ಸೋಂಕಿದ್ದರೆ, ಮುಟ್ಟಿನ ದಿನಗಳಾಗಿದ್ದರೆ, ಸಕ್ಕರೆ ಅಥವಾ ಬಿಪಿ ವಿಪರೀತ ಏರಿದ್ದರೆ, ಹೃದಯ ವೈಫಲ್ಯ ಉಲ್ಬಣಿಸಿದ್ದರೆ ಸಂಖ್ಯೆ ಸುಮ್ಮನೆ ಹೆಚ್ಚುತ್ತದೆ. ನಿಮ್ಮ 64ರ ಹಿಂದೆ ಇಂಥದ್ದೇನಾದರೂ ಇತ್ತೇ, ನೆನಪಿಸಿಕೊಳ್ಳಿ. 24 ಗಂಟೆ ಮೂತ್ರ ಕೂಡಿಡುವ ಹಳೆಯ ಪದ್ಧತಿ ಈಗ ವಾಡಿಕೆಯ ತಪಾಸಣೆಗೆ ಬೇಕಿಲ್ಲ. ನಡುವೆ ಒಂದು ಸಲ ಮರೆತು ಸುರಿದರೂ ಲೆಕ್ಕವೆಲ್ಲ ಹಾಳು.

ಪ್ರಶ್ನೆ: ಮೂತ್ರದಲ್ಲಿ ನೊರೆ ಬರುತ್ತದೆ. ಪ್ರೋಟೀನ್ ಸೋರುತ್ತಿದೆ ಎಂದೇ?

ಉತ್ತರ: ನೊರೆ ನೋಡಿ ಹೇಳಲಾಗದು. ರಭಸದಿಂದ ಬಿದ್ದರೂ, ಗಟ್ಟಿ ಮೂತ್ರವಾದರೂ, ಶೌಚಾಲಯ ತೊಳೆದ ದ್ರಾವಣ ಉಳಿದಿದ್ದರೂ ನೊರೆ ಬರುತ್ತದೆ. ಪ್ರತಿ ಸಲ ಬಂದು, ಬಹಳ ಹೊತ್ತು ಉಳಿಯುವ ನೊರೆಯಾದರೆ ಎಸಿಆರ್ ಮಾಡಿಸಿ. 100ರ ಆಸುಪಾಸಿನ ಎಸಿಆರ್ ಇರುವವರಿಗೆ ಸಾಮಾನ್ಯವಾಗಿ ನೊರೆಯೂ ಕಾಣುವುದಿಲ್ಲ, ಬೇರೆ ಯಾವ ಲಕ್ಷಣವೂ ಇರುವುದಿಲ್ಲ.

ಪ್ರಶ್ನೆ: ನನಗೆ 62 ವರ್ಷ, ಮಹಿಳೆ. ರಕ್ತದ ಕ್ರಿಯೇಟಿನೈನ್ 0.9. ನನ್ನ ಪತಿಯದೂ 0.9, ಅವರಿಗೂ 62. ಅವರ ಕಿಡ್ನಿ ಚೆನ್ನಾಗಿದೆಯಂತೆ, ನನ್ನದು ‘ಸ್ವಲ್ಪ ಕಡಿಮೆ’ ಅಂತೆ. ಕ್ರಿಯೇಟಿನೈನ್ ಸರಿಯಿದ್ದ ಮೇಲೆ ಮೂತ್ರದ ಪರೀಕ್ಷೆ ಬೇಕೇ?

ಉತ್ತರ: ರಕ್ತದ ಕ್ರಿಯೇಟಿನೈನ್, ವಯಸ್ಸು, ಲಿಂಗ ಮೂರನ್ನೂ ಸೇರಿಸಿ ಕಿಡ್ನಿಯ ಸೋಸುವ ವೇಗವನ್ನು ಅಂದಾಜು ಮಾಡುತ್ತಾರೆ. ಅದೇ ಇಜಿಎಫ್‌ಆರ್. 2021ರ ಸೂತ್ರದಂತೆ 0.9ಕ್ಕೆ ನಿಮ್ಮ ಪತಿಯ ಅಂಕಿ ಸುಮಾರು 97, ನಿಮ್ಮದು ಸುಮಾರು 72. ಸ್ನಾಯು ಕಡಿಮೆಯಿರುವ ಮೈಯಲ್ಲಿ ಅಷ್ಟೇ ಕ್ರಿಯೇಟಿನೈನ್ ಕಂಡರೆ ಕಿಡ್ನಿ ಅದನ್ನು ನಿಧಾನವಾಗಿ ಹೊರಹಾಕುತ್ತಿದೆ ಎಂದು ಅರ್ಥ. 72 ಗಾಬರಿಪಡುವ ಅಂಕಿಯಲ್ಲ. ಎಸಿಆರ್ ಸಹಜವಿದ್ದರೆ ಅದೊಂದನ್ನೇ ಕಾಯಿಲೆ ಎನ್ನುವುದೂ ಇಲ್ಲ.

ಮೂತ್ರದ ಪರೀಕ್ಷೆ ನಿಮ್ಮಿಬ್ಬರಿಗೂ ಬೇಕು, ಇಬ್ಬರಿಗೂ ಮಧುಮೇಹವಿದ್ದರೆ. ಸೋಸುವ ವೇಗ ಮತ್ತು ಸೋರಿಕೆ ಬೇರೆ ಬೇರೆ ಸಂಗತಿಗಳು. ಇಜಿಎಫ್‌ಆರ್ 97 ಇದ್ದು ಎಸಿಆರ್ 400 ಇರಬಹುದು. ಮೂರು ತಿಂಗಳು ಮೀರಿ ಹಾಗೆಯೇ ಇದ್ದರೆ ಅದು ದೀರ್ಘಕಾಲಿಕ ಕಿಡ್ನಿ ಕಾಯಿಲೆಯೇ. ಸೋರಿಕೆ ಒಂದಿಷ್ಟೂ ಇಲ್ಲದೆ ಇಜಿಎಫ್‌ಆರ್ 50ಕ್ಕೆ ಇಳಿದಿರುವ ಮಧುಮೇಹಿಗಳೂ ಇದ್ದಾರೆ. ಎರಡೂ ಸ್ವತಂತ್ರವಾಗಿ ಹೃದಯದ ಅಪಾಯವನ್ನು ಹೆಚ್ಚಿಸುತ್ತವೆ, ಒಟ್ಟಿಗಿದ್ದರೆ ಇನ್ನೂ ಹೆಚ್ಚು. ಯುರೋಪಿನ ಹೃದ್ರೋಗ ತಜ್ಞರ ಸಂಘದ 2023ರ ಮಾರ್ಗಸೂಚಿ ಎಸಿಆರ್ 300 ದಾಟಿದ ಟೈಪ್ 2 ಮಧುಮೇಹಿಯನ್ನು ‘ಅತಿ ಹೆಚ್ಚಿನ ಅಪಾಯ’ದ ಗುಂಪಿಗೆ ಸೇರಿಸುತ್ತದೆ, ಇಜಿಎಫ್‌ಆರ್ ಎಷ್ಟೇ ಇರಲಿ. ಇಜಿಎಫ್‌ಆರ್ 45ರಿಂದ 59ರ ನಡುವೆ ಇದ್ದರೆ ಎಸಿಆರ್ 30 ದಾಟಿದರೂ ಸಾಕು.

ಪ್ರಶ್ನೆ: ಬಿಪಿ 136/84 ಇತ್ತು. ಎಸಿಆರ್ 140. ಟೆಲ್ಮಿಸಾರ್ಟಾನ್ ಕೊಟ್ಟರು. ಮೂರು ವಾರಕ್ಕೆ ಕ್ರಿಯೇಟಿನೈನ್ 1.0 ಇದ್ದದ್ದು 1.2 ಆಯಿತು. ಮಾತ್ರೆಯೇ ಕಿಡ್ನಿ ಕೆಡಿಸುತ್ತಿದೆ ಎಂದು ನಿಲ್ಲಿಸಿದೆ. ಸರಿಯೇ?

ಉತ್ತರ: ನಿಲ್ಲಿಸಬಾರದಿತ್ತು. ವೈದ್ಯರಿಗೆ ಫೋನು ಮಾಡಿ ಮತ್ತೆ ಶುರು ಮಾಡುವ ಮಾತಾಡಿ.

ಹೆಸರಿನ ಕೊನೆಗೆ ‘ಸಾರ್ಟಾನ್’ ಇರುವ ಮತ್ತು ‘ಪ್ರಿಲ್’ ಇರುವ ಮಾತ್ರೆಗಳು ಸೋಸುಕದಿಂದ ರಕ್ತ ಹೊರಹೋಗುವ ಸಣ್ಣ ನಾಳವನ್ನು ಹಿಗ್ಗಿಸುತ್ತವೆ. ಸೋಸುಕದ ಒಳಗಿನ ಒತ್ತಡ ಇಳಿಯುತ್ತದೆ, ಸೋರಿಕೆ ತಗ್ಗುತ್ತದೆ. ಒತ್ತಡ ಇಳಿದ ಮೇಲೆ ಸೋಸುವ ವೇಗವೂ ತುಸು ಇಳಿಯಲೇಬೇಕು, ಕ್ರಿಯೇಟಿನೈನ್ ತುಸು ಏರಲೇಬೇಕು. ನಾಲ್ಕು ವಾರದೊಳಗೆ ಶೇ. 30ರವರೆಗಿನ ಏರಿಕೆಯನ್ನು ಒಪ್ಪಿಕೊಳ್ಳಬಹುದು. ನಿಮ್ಮದು ಶೇ. 20. ಅದಕ್ಕಿಂತ ಹೆಚ್ಚಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆಯೇ, ನೋವಿನ ಮಾತ್ರೆ ಸೇರಿಕೊಂಡಿದೆಯೇ, ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿದೆಯೇ ಎಂದು ಹುಡುಕುತ್ತಾರೆ. ಕ್ರಿಯೇಟಿನೈನ್ ಜೊತೆಗೆ ಪೊಟ್ಯಾಸಿಯಂ ಕೂಡ ನೋಡಿಸಬೇಕು, ಮಾತ್ರೆ ಶುರು ಮಾಡಿದ ಅಥವಾ ಪ್ರಮಾಣ ಹೆಚ್ಚಿಸಿದ 2ರಿಂದ 4 ವಾರದೊಳಗೆ. ಈ ಒಂದು ರಕ್ತ ಪರೀಕ್ಷೆಯೇ ಬಹಳ ಸಲ ಬಿಟ್ಟುಹೋಗುತ್ತದೆ.

ಈ ಮಾತ್ರೆಗಳ ಪೂರ್ತಿ ಫಲ ಸಿಗುವುದು ಸಹಿಸಿಕೊಳ್ಳಬಹುದಾದ ಗರಿಷ್ಠ ಪ್ರಮಾಣದಲ್ಲಿ. ಬಿಪಿ ಗುರಿ 130/80ರ ಒಳಗೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಿದರೆ ಮಾತ್ರೆಯ ಪರಿಣಾಮ ಎದ್ದು ಕಾಣುವಷ್ಟು ತಗ್ಗುತ್ತದೆ. ‘ಸಾರ್ಟಾನ್’ ಮತ್ತು ‘ಪ್ರಿಲ್’ ಎರಡನ್ನೂ ಒಟ್ಟಿಗೆ ನುಂಗಬಾರದು. 2008ರ ‘ಆನ್‌ಟಾರ್ಗೆಟ್’ ಮತ್ತು 2013ರ ‘ನೆಫ್ರಾನ್-ಡಿ’ ಪ್ರಯೋಗಗಳಲ್ಲಿ ಜೋಡಿ ಮಾತ್ರೆಯಿಂದ ಪೊಟ್ಯಾಸಿಯಂ ಏರಿಕೆ ಮತ್ತು ಕಿಡ್ನಿಯ ದಿಢೀರ್ ಹಾನಿ ಹೆಚ್ಚಿತು, ಲಾಭ ಕಾಣಲಿಲ್ಲ. ಗರ್ಭಿಣಿಯರಿಗೆ ಇವೆರಡೂ ನಿಷಿದ್ಧ, ಮಗುವಿನ ಕಿಡ್ನಿಗೆ ಹಾನಿ. ಮಗು ಬೇಕೆಂದು ಯೋಚಿಸುತ್ತಿರುವವರು ಮೊದಲೇ ಹೇಳಿ ಬದಲಿಸಿಕೊಳ್ಳಬೇಕು.

ಪ್ರಶ್ನೆ: ಡಾಪಾಗ್ಲಿಫ್ಲೋಜಿನ್ ಶುರು ಮಾಡಿದ ಮೇಲೆ ಮೂತ್ರದಲ್ಲಿ ಸಕ್ಕರೆ ‘++++’ ಬರುತ್ತಿದೆ. ಮಾತ್ರೆ ಕೆಲಸ ಮಾಡುತ್ತಿಲ್ಲವೇ?

ಉತ್ತರ: ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಎಸ್‌ಜಿಎಲ್‌ಟಿ2 ತಡೆಯುವ ಈ ಗುಂಪಿನ ಮಾತ್ರೆಗಳು ಕಿಡ್ನಿ ಸಕ್ಕರೆಯನ್ನು ಮರಳಿ ಹೀರುವುದನ್ನು ನಿಲ್ಲಿಸುತ್ತವೆ, ಹಾಗಾಗಿ ಅದು ಮೂತ್ರಕ್ಕೆ ಹೋಗುತ್ತದೆ. ಇನ್ನು ಮುಂದೆ ನಿಮ್ಮ ಮೂತ್ರದ ಸಕ್ಕರೆ ನೋಡಿ ಮಧುಮೇಹದ ಹತೋಟಿ ಅಳೆಯುವಂತಿಲ್ಲ. ಎಸಿಆರ್‌ಗೆ ಇದರಿಂದ ಅಡ್ಡಿಯಿಲ್ಲ.

ಕಿಡ್ನಿ, ಹೃದಯ ಎರಡಕ್ಕೂ ಇವುಗಳಿಂದ ಒಳಿತಿದೆ. ಸಕ್ಕರೆ ಇಳಿಸುವುದು ಇವುಗಳ ಚಿಕ್ಕ ಕೆಲಸ, ಇಜಿಎಫ್‌ಆರ್ ಕುಗ್ಗಿದಂತೆ ಆ ಶಕ್ತಿ ಕಡಿಮೆಯಾಗುತ್ತದೆ. ಕಿಡ್ನಿ ರಕ್ಷಣೆ ಮತ್ತು ಹೃದಯ ವೈಫಲ್ಯ ತಡೆಯುವ ಗುಣ ಉಳಿಯುತ್ತದೆ. 2019ರ ‘ಕ್ರೆಡೆನ್ಸ್’ ಮತ್ತು 2020ರ ‘ಡಾಪಾ-ಸಿಕೆಡಿ’ ಪ್ರಯೋಗಗಳಿಂದ ಇದು ಗಟ್ಟಿಯಾಯಿತು. ಇಜಿಎಫ್‌ಆರ್ 20ರವರೆಗೂ ಇವನ್ನು ಶುರು ಮಾಡಬಹುದು. ಮೊದಲ ವಾರಗಳಲ್ಲಿ ಇಜಿಎಫ್‌ಆರ್ ತುಸು ಇಳಿಯುವುದು ಇಲ್ಲಿಯೂ ನಿರೀಕ್ಷಿತ.

ಎಚ್ಚರವಹಿಸಬೇಕಾದ್ದು ಗುಪ್ತಾಂಗದ ಫಂಗಸ್ ಸೋಂಕು. ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒಣಗಿಸಿಕೊಂಡರೆ ಅದು ಬಹಳಷ್ಟು ತಪ್ಪುತ್ತದೆ. ಇದಕ್ಕಿಂತ ಗಂಭೀರವಾದದ್ದು ಕೀಟೋಅಸಿಡೋಸಿಸ್, ಅಂದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುವುದು. ರಕ್ತದ ಸಕ್ಕರೆ ಹೆಚ್ಚಿರದಿದ್ದರೂ ಅದು ಬರಬಹುದು, ಹಾಗಾಗಿ ಗ್ಲುಕೋಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ವಾಂತಿ, ಭೇದಿ ಹಿಡಿದು ಊಟ ನೀರು ಸೇರದ ದಿನಗಳಲ್ಲಿ ಈ ಮಾತ್ರೆ, ಮೆಟ್‌ಫಾರ್ಮಿನ್, ‘ಸಾರ್ಟಾನ್’ ಅಥವಾ ‘ಪ್ರಿಲ್’, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಎಂದಿನಂತೆ ಊಟ ಮಾಡಿ 24ರಿಂದ 48 ಗಂಟೆ ಕಳೆದ ಮೇಲೆ ಮತ್ತೆ ಶುರು ಮಾಡುವುದು ರೂಢಿ. ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ನಿಮಗೆ ಯಾವುದನ್ನು ನಿಲ್ಲಿಸಬೇಕೆಂದು ಹುಷಾರಾಗಿರುವಾಗಲೇ ವೈದ್ಯರಿಂದ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಯೋಜಿತ ಆಪರೇಷನ್‌ಗೆ ಮೂರು ದಿನ ಮುಂಚೆಯೂ ಡಾಪಾಗ್ಲಿಫ್ಲೋಜಿನ್ ನಿಲ್ಲಿಸಬೇಕು.

ಪ್ರಶ್ನೆ: ಎಸಿಆರ್ 180ರಿಂದ 24ಕ್ಕೆ ಬಂದಿದೆ. ಮಾತ್ರೆ ಬಿಡಬಹುದೇ? ಪ್ರೋಟೀನ್ ಪುಡಿ ನಿಲ್ಲಿಸಿದ್ದೇನೆ, ಅದನ್ನಾದರೂ ಮತ್ತೆ ತೆಗೆದುಕೊಳ್ಳಬಹುದೇ?

ಉತ್ತರ: ಮಾತ್ರೆ ಬಿಡಬೇಡಿ. 24 ಬಂದದ್ದು ಮಾತ್ರೆಗಳ ಜೊತೆಗೆ. ಬಿಟ್ಟರೆ ಸೋಸುಕದ ಒತ್ತಡ ಮರಳಿ ಏರುತ್ತದೆ. ಇಷ್ಟು ಇಳಿದದ್ದು ಒಳ್ಳೆಯ ಸೂಚನೆ. 300 ದಾಟಿದವರಲ್ಲಿ ಶೇ. 30ರಷ್ಟು ಇಳಿಕೆಯನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಇಳಿಯದೆ ಉಳಿದವರಿಗೆ ಫಿನೆರೆನೋನ್ ಎಂಬ ಇನ್ನೊಂದು ಮಾತ್ರೆಯಿದೆ. ಅದಕ್ಕೆ ಪೊಟ್ಯಾಸಿಯಂ ಮೇಲೆ ಕಣ್ಣಿಡಬೇಕು. ತೂಕವೂ ಸಕ್ಕರೆಯೂ ಇಳಿಯಬೇಕಾದವರಿಗೆ ಸೆಮಾಗ್ಲುಟೈಡ್ ಇದೆ, ಕಿಡ್ನಿಗೂ ಅದರಿಂದ ಪ್ರಯೋಜನವೆಂದು 2024ರ ‘ಫ್ಲೋ’ ಪ್ರಯೋಗ ತೋರಿಸಿದೆ.

ಪ್ರೋಟೀನ್ ಪುಡಿ ಬೇಡ. ಸೋರಿಕೆ ಇದ್ದವರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಸಾಕು, 60 ಕಿಲೋ ತೂಕದವರಿಗೆ 48 ಗ್ರಾಂ. ಊಟದಿಂದಲೇ ಅದು ಸಿಗುತ್ತದೆ. ಹೆದರಿ ಅದಕ್ಕಿಂತ ಕಡಿಮೆ ಮಾಡಿಕೊಂಡರೆ ಸ್ನಾಯು ಕರಗುವುದೇ ಬಂತು, ಸೋರಿಹೋದ ಪ್ರೋಟೀನನ್ನು ತುಂಬಿಕೊಳ್ಳಬೇಕೆಂದು ಹೆಚ್ಚು ತಿನ್ನುವುದೂ ತಪ್ಪು. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಿ. ಪುಡಿಗಿಂತ ಅದರ ಹಾನಿ ದೊಡ್ಡದು.

ಪ್ರಶ್ನೆ: ಮಗಳಿಗೆ 13 ವರ್ಷ, ಟೈಪ್ 1 ಬಂದು ಮೂರು ವರ್ಷ. ಅವಳಿಗೂ ಈಗಲೇ ಬೇಕೇ?

ಉತ್ತರ: ಟೈಪ್ 1ರಲ್ಲಿ ಕಾಯಿಲೆ ಶುರುವಾದ ದಿನ ಹೆಚ್ಚುಕಮ್ಮಿ ಗೊತ್ತಿರುವುದರಿಂದ ಐದು ವರ್ಷದ ಬಳಿಕ ವರ್ಷಕ್ಕೊಮ್ಮೆ ಎಂದು ಅಮೆರಿಕದ ಡಯಾಬಿಟೀಸ್ ಸಂಘ ಹೇಳುತ್ತದೆ. ಮಕ್ಕಳಾದರೆ ಹತ್ತು ವರ್ಷ ತುಂಬಿರಬೇಕು ಅಥವಾ ಪ್ರಾಯಕ್ಕೆ ಬಂದಿರಬೇಕು. ಇನ್ನೂ ಬೇಗ ಶುರು ಮಾಡಿ ಎನ್ನುವ ತಜ್ಞರೂ ಇದ್ದಾರೆ. ಹರೆಯದವರಲ್ಲಿ ಬೆಳಗಿನ ಮೊದಲ ಮೂತ್ರವೇ ಆಗಬೇಕು. ಕೆಲವು ಮಕ್ಕಳಿಗೆ ನಿಂತು ಓಡಾಡಿದಾಗ ಮಾತ್ರ ಪ್ರೋಟೀನ್ ಹೋಗುತ್ತದೆ, ಮಲಗಿದರೆ ನಿಲ್ಲುತ್ತದೆ. ಅದು ನಿರುಪದ್ರವಿ. ಮಧ್ಯಾಹ್ನದ ಮಾದರಿ ಕೊಟ್ಟರೆ ವಿನಾಕಾರಣ ದಿಗಿಲು.

ಪ್ರಶ್ನೆ: ಮಧುಮೇಹ ಬಂದು ಮೂರೇ ವರ್ಷ. ಕಳೆದ ವರ್ಷ ಎಸಿಆರ್ 18, ಈ ವರ್ಷ 2400. ಕಣ್ಣಿನ ಪರೀಕ್ಷೆ ಪೂರ್ತಿ ಸರಿಯಾಗಿದೆ. ಕಿಡ್ನಿಯ ಬಯಾಪ್ಸಿ ಬೇಕೆನ್ನುತ್ತಾರೆ. ಮಧುಮೇಹದಿಂದ ಎಂದು ಗೊತ್ತೇ ಇದೆಯಲ್ಲ?

ಉತ್ತರ: ಅದೇ ಇಲ್ಲಿ ಅನುಮಾನ. ಮಧುಮೇಹದ ಸೋರಿಕೆ ವರ್ಷಗಟ್ಟಲೆ ಮೆಲ್ಲಗೆ ಏರುತ್ತದೆ, ಒಂದೇ ವರ್ಷದಲ್ಲಿ 18ರಿಂದ 2400ಕ್ಕೆ ಜಿಗಿಯುವುದು ಅದರ ರೀತಿಯಲ್ಲ. ಸೋರಿಕೆ ಇಷ್ಟು ದೊಡ್ಡದಾಗಿದ್ದಾಗ ಕಣ್ಣಿನ ರೆಟಿನಾದಲ್ಲೂ ಸಾಮಾನ್ಯವಾಗಿ ಗುರುತು ಸಿಗುತ್ತದೆ. ಟೈಪ್ 1ರವರಲ್ಲಿ ಈ ಜೋಡಿ ಹೆಚ್ಚು ಗಟ್ಟಿ, ಟೈಪ್ 2ರಲ್ಲಿ ಅಷ್ಟಲ್ಲ, ಹೀಗಾಗಿ ಕಣ್ಣು ಸರಿಯಿದೆ ಎಂಬುದೊಂದರ ಮೇಲೆಯೇ ತೀರ್ಮಾನಿಸುವುದಿಲ್ಲ. ಮೂತ್ರದಲ್ಲಿ ಕೆಂಪು ರಕ್ತಕಣಗಳು, ಅವುಗಳಿಂದಾದ ಕೊಳವೆಯಾಕಾರದ ತುಣುಕುಗಳು, ವೇಗವಾಗಿ ಕುಸಿಯುವ ಇಜಿಎಫ್‌ಆರ್, ಮುಖ-ಕಾಲಿನ ಊತ, ಕೀಲುನೋವು, ಚರ್ಮದ ಗುಳ್ಳೆ ಇವುಗಳಲ್ಲಿ ಯಾವುದಿದ್ದರೂ ಸೋಸುಕಕ್ಕೆ ಬೇರೆಯೇ ಕಾಯಿಲೆ ತಗುಲಿರಬಹುದು. ಲೂಪಸ್, ಐಜಿಎ ನೆಫ್ರೋಪತಿ, ಮೆಂಬ್ರೇನಸ್ ನೆಫ್ರೋಪತಿ ಇಂಥವು ಮಧುಮೇಹಿಗಳಿಗೂ ಬರುತ್ತವೆ. ವಯಸ್ಸಾದವರಲ್ಲಿ ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್ ಇಲ್ಲವೆಂದೂ ಖಚಿತಪಡಿಸಿಕೊಳ್ಳುತ್ತಾರೆ. ಅದರ ಪ್ರೋಟೀನ್ ಅಲ್ಬುಮಿನ್‌ಗಿಂತ ಬೇರೆ, ಎಸಿಆರ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಹೀಗಾಗಿ ಮೂತ್ರದ ಒಟ್ಟು ಪ್ರೋಟೀನ್ ಅಳೆದು ಎಸಿಆರ್ ಜೊತೆ ಹೋಲಿಸುತ್ತಾರೆ.

ಈ ಕಾಯಿಲೆಗಳ ಔಷಧಿಗಳೇ ಬೇರೆ. ಕೆಲವಕ್ಕೆ ಸ್ಟೀರಾಯ್ಡ್ ಬೇಕಾಗುತ್ತದೆ, ಅದರಿಂದ ಸಕ್ಕರೆ ಏರುತ್ತದೆ, ಮೊದಲೇ ತಯಾರಿರಬೇಕು. ಬಯಾಪ್ಸಿಗೆ ಮುಂಚೆ ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ, ಬಿಪಿ ಹತೋಟಿಯಲ್ಲಿರಲಿ. ಬಯಾಪ್ಸಿ ಆದ ದಿನ ಮೂತ್ರ ಕೆಂಪಗೆ ಬಂದರೆ ಅಥವಾ ಸೊಂಟದ ಮೇಲ್ಭಾಗದಲ್ಲಿ ನೋವು ಹೆಚ್ಚುತ್ತಾ ಹೋದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ. ಯಾವ ಕಾಯಿಲೆ ಎಂದು ಗೊತ್ತಾಗುವವರೆಗೂ ಹೃದಯದ ಕಡೆಯ ಮಾತ್ರೆಗಳನ್ನು ವೈದ್ಯರು ಹೇಳದೆ ಬಿಡಬೇಡಿ. 2400ರಷ್ಟು ಸೋರಿಕೆ ಯಾವ ಕಾರಣದಿಂದಲೇ ಇರಲಿ, ಕೊಲೆಸ್ಟರಾಲ್ ಏರಬಹುದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವವೂ ಇದೆ. ಒಂದೇ ಕಾಲು ಊದಿ ನೋವು ಬಂದರೆ ಬಯಾಪ್ಸಿಯ ದಿನಾಂಕಕ್ಕೆ ಕಾಯದೆ ಅವತ್ತೇ ತೋರಿಸಿ.